ಮನೆ ಸರ್ವರ್‌ಗೆ ಕರೆಂಟ್ ಕಮ್ಮಿ ಎಳೆಯೋ ಹಾರ್ಡ್ ಡಿಸ್ಕ್ ಆರಿಸೋದು ಹೇಗೆ

(ಭಾನುವಾರ ಜಯನಗರದಲ್ಲಿ ಮಾತಾಡಿದ್ದನ್ನ ಬರಹಕ್ಕೆ ಇಳಿಸಿದ್ದೀನಿ. ಮಧ್ಯೆ ಮಧ್ಯೆ ನೀವು ಕೇಳಿದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೀನಿ.)

ಎಲ್ಲರಿಗೂ ನಮಸ್ಕಾರ. ಮನೇಲಿ ಸರ್ವರ್ ಇಟ್ಕೊಂಡಿರೋರು ಕೈ ಎತ್ತಿ ಅಂದಾಗ ಅರ್ಧ ಹಾಲ್ ಕೈ ಎತ್ತಿದ್ರಿ, ನಿಜವಾಗ್ಲೂ ಖುಷಿ ಆಯ್ತು. ಫೋಟೋಗೆ ಇಮ್ಮಿಚ್, ಸಿನಿಮಾಗೆ ಜೆಲ್ಲಿಫಿನ್, ಆಡ್ ತಡೆಯೋಕೆ ಪೈ-ಹೋಲ್, ಇನ್ನು ಕೆಲವರ ಮನೇಲಿ ಲೈಟು ಫ್ಯಾನು ಎಲ್ಲಾ ಹೋಮ್ ಅಸಿಸ್ಟೆಂಟ್ ಮೇಲೇ ನಡೆಯುತ್ತೆ. ನಮ್ಮ ಮನೆಯವರ ಫೋಟೋ ನಮ್ಮ ಮನೇಲೇ ಇರ್ಲಿ ಅನ್ನೋದು ಒಳ್ಳೇ ಆಸೆ. ಆದ್ರೆ ಇದು ರಾತ್ರಿ ಹಗಲು ಓಡೋ ಯಂತ್ರ, ಮಿಕ್ಸಿ ಥರ ಐದು ನಿಮಿಷ ತಿರುಗಿ ನಿಲ್ಲಲ್ಲ, ಅದಕ್ಕೇ ಇಲ್ಲಿ ಚಿಕ್ಕ ಚಿಕ್ಕ ವ್ಯಾಟ್‌ಗೂ ಲೆಕ್ಕ ಇದೆ.

ನನ್ನ ಹತ್ರ ಎಲ್ಲರೂ ಕೇಳೋದು "ಯಾವ ಬ್ರಾಂಡ್ ಡ್ರೈವ್ ಕಮ್ಮಿ ಕರೆಂಟ್ ಎಳೆಯುತ್ತೆ" ಅಂತ. ಬ್ರಾಂಡ್ ಆಮೇಲೆ ನೋಡೋಣ. ಮೊದಲು ಎಷ್ಟು ಡ್ರೈವ್ ತಿರುಗ್ತಿದೆ ಅನ್ನೋದನ್ನ ನೋಡಿ, ಆಮೇಲೆ ಅದು ಕೆಲಸ ಇಲ್ಲದೆ ಸುಮ್ಮನೆ ತಿರುಗೋವಾಗ ಎಷ್ಟು ಎಳೆಯುತ್ತೆ ನೋಡಿ. ಇವತ್ತು ನಾನು ಹೇಳೋದೆಲ್ಲಾ ಈ ಎರಡರ ಸುತ್ತಾನೇ ಇರುತ್ತೆ.

ಒಂದು ಲೆಕ್ಕ ಬಾಯಿಪಾಠ ಮಾಡ್ಕೊಳ್ಳಿ. ಒಂದು ವ್ಯಾಟ್ ವರ್ಷಪೂರ್ತಿ ಉರಿದ್ರೆ 8.76 ಯೂನಿಟ್. ಬೆಸ್ಕಾಂ ಮನೆ ಬಿಲ್‌ನಲ್ಲಿ ಯೂನಿಟ್‌ಗೆ ಹೆಚ್ಚು ಕಮ್ಮಿ 6 ರೂಪಾಯಿ ಅಂತ ಇಟ್ಕೊಂಡ್ರೆ ಒಂದು ವ್ಯಾಟ್‌ಗೆ ವರ್ಷಕ್ಕೆ ಐವತ್ತು ಚಿಲ್ಲರೆ ರೂಪಾಯಿ ಆಯ್ತು. ಈಗ ಅಂಗಡಿಯವನು "ಇದು ಗ್ರೀನ್ ಡ್ರೈವ್ ಸರ್, ಪವರ್ ಸೇವಿಂಗ್, ಮೂರು ಸಾವಿರ ಜಾಸ್ತಿ ಅಷ್ಟೇ" ಅಂದ್ರೆ ನಿಮಗೇ ಗೊತ್ತಾಗುತ್ತೆ. ಅದು 3 ವ್ಯಾಟ್ ಉಳಿಸಿದ್ರೂ ವರ್ಷಕ್ಕೆ ನೂರೈವತ್ತು ರೂಪಾಯಿ ಚಿಲ್ಲರೆ, ಕೊಟ್ಟ ಮೂರು ಸಾವಿರ ವಾಪಸ್ ಬರೋಕೆ ಇಪ್ಪತ್ತು ವರ್ಷ ಹತ್ತಿರ ಬೇಕು, ಅಷ್ಟೊತ್ತಿಗೆ ಆ ಡ್ರೈವ್ ಎಲ್ಲಿರುತ್ತೆ. ಹಂಗಾಗಿ ಕರೆಂಟ್ ಉಳಿಸೋಕೆ ಅಂತಾನೇ ದುಡ್ಡು ಜಾಸ್ತಿ ಕೊಡಬೇಡಿ, ಇದನ್ನ ಖಡಾಖಂಡಿತವಾಗಿ ಹೇಳ್ತೀನಿ.

ಹಾಗಾದ್ರೆ ಈ ಮಾತೆಲ್ಲಾ ಯಾಕೆ ಅಂತ ಮುಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ಕೇಳಿದ್ರು. ಕಾರಣ ಇದೆ ಮೇಡಂ. ಮೊದಲನೇದು ಗೃಹಜ್ಯೋತಿ. 2023ರಲ್ಲಿ ಶುರುವಾದಾಗಿಂದ ನಮ್ಮಲ್ಲಿ ತುಂಬಾ ಮನೆಗಳ ಬಿಲ್ ಸೊನ್ನೆ ಬರ್ತಿದೆ, ಆದ್ರೆ ತಿಂಗಳಿಗೆ 200 ಯೂನಿಟ್ ದಾಟಿದ್ರೆ ದಾಟಿದ ಯೂನಿಟ್‌ಗೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಒಳಗೇ ಇದ್ರೂ ನಿಮಗೆ ಕೊಟ್ಟಿರೋ ಮಿತಿ ನಿಮ್ಮ ಹಳೇ ಸರಾಸರಿ ಮೇಲೆ ಸಾಮಾನ್ಯವಾಗಿ ಶೇಕಡ 10 ಅಷ್ಟೇ, ಅದರ ಮೇಲಿನದ್ದಕ್ಕೆ ದುಡ್ಡು. ಈಗ 185 ಯೂನಿಟ್ ಬರೋ ಮನೆ ತಗೊಳ್ಳಿ. ಅಲ್ಲಿ 30 ವ್ಯಾಟ್ ಎಳೆಯೋ ಸರ್ವರ್ ಇಟ್ರೆ ತಿಂಗಳಿಗೆ 21.6 ಯೂನಿಟ್ ಸೇರುತ್ತೆ, 206 ಆಗೋಯ್ತು, ಸೊನ್ನೆ ಬರ್ತಿದ್ದ ಬಿಲ್ ಸಾವಿರ ದಾಟುತ್ತೆ. ಅದೇ ಸರ್ವರ್ 12 ವ್ಯಾಟ್‌ನಲ್ಲಿ ನಡೆದ್ರೆ ಸೇರೋದು 8.6 ಯೂನಿಟ್, ಮನೆ 194ರಲ್ಲಿ ನಿಲ್ಲುತ್ತೆ. ಮನೇಲಿ ಅಮ್ಮಂಗೋ ಹೆಂಡ್ತಿಗೋ ಈ ಡಬ್ಬ ಯಾಕೆ ಅಂತ ವಿವರಿಸಬೇಕಾದವರಿಗೆ ಈ ವ್ಯತ್ಯಾಸ ಚಿಕ್ಕದಲ್ಲ.

ಎರಡನೇದು ಯುಪಿಎಸ್. ನಮ್ಮಲ್ಲಿ ಮಳೆ ಶುರು ಆಗೋ ಮುಂಚೆ ಗಾಳಿ ಬೀಸಿದ್ರೆ ಸಾಕು, ಎಲ್ಲೋ ಮರದ ಕೊಂಬೆ ಬಿದ್ದು ಕರೆಂಟ್ ಹೋಗುತ್ತೆ. ಸಾಮಾನ್ಯ 600 ವಿಎ ಯುಪಿಎಸ್ ಒಳಗೆ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತೆ, ಕಾಗದದ ಮೇಲೆ 84 ವ್ಯಾಟ್-ಅವರ್, ಕೈಗೆ ಸಿಗೋದು ಅರ್ಧ ಅಂತ ಇಟ್ಕೊಳ್ಳಿ. ಸರ್ವರ್ ಪ್ಲಸ್ ರೌಟರ್ 25 ವ್ಯಾಟ್ ಆದ್ರೆ ಒಂದೂವರೆ ಗಂಟೆ ತಳ್ಳಬಹುದು, 50 ಆದ್ರೆ ಮುಕ್ಕಾಲು ಗಂಟೆ. ಮೂರನೇದು ಬಿಸಿ, ಅದನ್ನ ಕೊನೇಲಿ ಹೇಳ್ತೀನಿ.

ಸರಿ, ಈಗ ಡಿಸ್ಕ್ ಒಳಗೆ ಕರೆಂಟ್ ಎಲ್ಲಿ ಹೋಗುತ್ತೆ ನೋಡೋಣ, ಇದು ಅರ್ಥ ಆದ್ರೆ ಮಿಕ್ಕಿದ್ದೆಲ್ಲಾ ನೀವೇ ಲೆಕ್ಕ ಹಾಕ್ಕೋತೀರ. ಒಳಗಿರೋ ತಟ್ಟೆಗಳು ಗಾಳಿಯನ್ನ ಸೀಳ್ಕೊಂಡು ತಿರುಗ್ತವೆ, ಮೋಟರ್ ಆ ಗಾಳಿ ಜೊತೆ ಗುದ್ದಾಡೋದರಲ್ಲೇ ಶಕ್ತಿ ಖರ್ಚು ಮಾಡುತ್ತೆ. ಈ ಎಳೆತಕ್ಕೆ ಬೇಕಾಗೋ ಪವರ್ ವೇಗದ ಹತ್ತಿರ ಹತ್ತಿರ ಮೂರನೇ ಘಾತಕ್ಕೆ ಏರುತ್ತೆ. ನಿಮಿಷಕ್ಕೆ 5400 ಸುತ್ತಿನಿಂದ (ಆರ್‌ಪಿಎಂ ಅಂದ್ರೆ ಇದೇ) 7200ಕ್ಕೆ ಹೋದ್ರೆ ವೇಗ ಮೂರನೇ ಒಂದು ಭಾಗ ಜಾಸ್ತಿ, ಆದ್ರೆ ಗಾಳಿ ಎಳೆತ ಎರಡು ಪಟ್ಟಿಗಿಂತ ಮೇಲೆ. ತಟ್ಟೆಯ ಅಗಲದ ಪರಿಣಾಮ ಇನ್ನೂ ಜೋರು, ಅದು ನಾಲ್ಕನೇ ಐದನೇ ಘಾತದ ಮಧ್ಯೆ ಎಲ್ಲೋ ಬರುತ್ತೆ, ಅದಕ್ಕೇ 2.5 ಇಂಚಿನ ಲ್ಯಾಪ್‌ಟಾಪ್ ಡ್ರೈವ್ ಓದೋವಾಗ ಬರೆಯೋವಾಗ್ಲೂ 2 ವ್ಯಾಟ್ ಆಸುಪಾಸಿನಲ್ಲೇ ಇರುತ್ತೆ, ಸುಮ್ಮನಿದ್ದಾಗ ಒಂದು ವ್ಯಾಟೋ ಅದಕ್ಕಿಂತ ಕಮ್ಮಿನೋ. ತಟ್ಟೆಗಳ ಸಂಖ್ಯೆ ಮಾತ್ರ ಸೀದಾ ಲೆಕ್ಕ, ಎರಡು ತಟ್ಟೆ ಇದ್ರೆ ಎರಡರಷ್ಟು. ಹಂಗಾಗಿ ಒಂದೇ ಸೈಜಿನ ಎರಡು ಮಾಡೆಲ್ ಇದ್ರೆ ಕಮ್ಮಿ ತಟ್ಟೆ ಇರೋದು ಸಾಮಾನ್ಯವಾಗಿ ತಣ್ಣಗೂ ಇರುತ್ತೆ, ಸದ್ದೂ ಕಮ್ಮಿ.

ಗಾಳಿ ಬದಲು ಹೀಲಿಯಂ ತುಂಬಿದ್ರೆ? ಹೀಲಿಯಂ ಸಾಂದ್ರತೆ ಗಾಳಿಯ ಏಳನೇ ಒಂದು ಭಾಗ. 2013ರಲ್ಲಿ ಎಚ್‌ಜಿಎಸ್‌ಟಿ ಕಂಪನಿ ಏಳು ತಟ್ಟೆಯ 6 ಟಿಬಿ ಹೀಲಿಯಂ ಡ್ರೈವ್ ತಂದಾಗ ಶುರುವಾಗಿದ್ದು ಇದು, ಇವತ್ತು 16, 18 ಟಿಬಿ ಡ್ರೈವ್‌ಗಳು 7200ರಲ್ಲಿ ತಿರುಗಿದ್ರೂ ಐಡಲ್‌ನಲ್ಲಿ, ಅಂದ್ರೆ ಕೆಲಸ ಇಲ್ಲದೆ ಸುಮ್ಮನೆ ತಿರುಗೋವಾಗ, 5ರಿಂದ 6 ವ್ಯಾಟ್‌ಗೆ ನಿಲ್ಲೋದು ಹೀಲಿಯಂನಿಂದಾನೇ. ಗಾಳಿ ತುಂಬಿದ 7200ರ ಹಳೇ 6, 8 ಟಿಬಿ ಎಂಟರ್‌ಪ್ರೈಸ್ ಡ್ರೈವ್ (ದೊಡ್ಡ ಕಂಪನಿಗಳ ಸರ್ವರ್‌ಗೆ ಮಾಡಿರೋದು) ಅದಕ್ಕಿಂತ ಜಾಸ್ತಿ ಎಳೆಯುತ್ತೆ. 4 ಟಿಬಿ 5400 ಆರ್‌ಪಿಎಂ ನಾಸ್ ಡ್ರೈವ್ (ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳೋ ಸ್ಟೋರೇಜ್ ಡಬ್ಬಕ್ಕೆ ಮಾಡಿರೋದು), ಅಂದ್ರೆ ವೆಸ್ಟರ್ನ್ ಡಿಜಿಟಲ್ (ಡಬ್ಲ್ಯೂಡಿ) ರೆಡ್ ಪ್ಲಸ್ ಥರದ್ದು, ಐಡಲ್‌ನಲ್ಲಿ 3 ವ್ಯಾಟ್ ಚಿಲ್ಲರೆ, ಕೆಲಸ ಮಾಡೋವಾಗ 5ರ ಒಳಗೆ, ತಿರುಗೋದು ನಿಲ್ಲಿಸಿ ಮಲಗಿದಾಗ ಅರ್ಧ ವ್ಯಾಟ್‌ಗಿಂತ ಕಮ್ಮಿ.

ಈಗ ಕೂಡಿಸಿ ನೋಡಿ. 16 ಟಿಬಿ ಬೇಕು ಅಂತ 4 ಟಿಬಿಯ ನಾಲ್ಕು 7200 ಡ್ರೈವ್ ಹಾಕಿದ್ರೆ ಐಡಲ್‌ನಲ್ಲೇ 24 ವ್ಯಾಟ್ ಹೋಗುತ್ತೆ. 5400ರ ನಾಲ್ಕು ಹಾಕಿದ್ರೆ 13. ಒಂದೇ 16 ಟಿಬಿ ಹೀಲಿಯಂ ಹಾಕಿದ್ರೆ 5.5, ಅದನ್ನೇ ಎರಡು ತಗೊಂಡು ಮಿರರ್ ಮಾಡಿದ್ರೂ, ಅಂದ್ರೆ ಎರಡರಲ್ಲೂ ಅದೇ ಡೇಟಾ ಇಟ್ರೂ, 11. ಅಂದ್ರೆ "7200 ಅಂದ್ರೆ ಕರೆಂಟ್ ಜಾಸ್ತಿ" ಅನ್ನೋ ಮಾತು ಒಂದೊಂದು ಡ್ರೈವ್‌ಗೆ ನಿಜ ಇರಬಹುದು, ಪೂರ್ತಿ ಸರ್ವರ್‌ಗೆ ಬಂದ್ರೆ ಕಮ್ಮಿ ಡ್ರೈವ್ ಇರೋದೇ ಗೆಲ್ಲುತ್ತೆ. ನಾಲ್ಕು ಬೇ (ಡ್ರೈವ್ ಕೂರೋ ಜಾಗ) ಇರೋ ಡಬ್ಬ ತಗೊಂಡ್ವಿ ಅಂತ ನಾಲ್ಕನ್ನೂ ತುಂಬಿಸೋ ಹಟ ಬೇಡ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ್ದು ಚೆನ್ನಾಗಿತ್ತು: "ಅಣ್ಣ, ಡ್ರೈವ್ ಮೇಲೆ ಲೇಬಲ್‌ನಲ್ಲಿ 5 ವೋಲ್ಟ್ 0.60 ಆಂಪ್, 12 ವೋಲ್ಟ್ 0.45 ಆಂಪ್ ಅಂತ ಇದೆ, ಗುಣಿಸಿದ್ರೆ 8.4 ವ್ಯಾಟ್ ಬರುತ್ತೆ, ನೀವು ಮೂರು ಅಂತೀರಲ್ಲ?" ಲೇಬಲ್ ಮೇಲಿರೋದು ರೇಟಿಂಗ್ ಕಣಪ್ಪ, ಸಪ್ಲೈ ಅಷ್ಟು ಕೊಡೋಕೆ ರೆಡಿ ಇರಬೇಕು ಅಂತ ಹೇಳೋದು, ದಿನವಿಡೀ ಅಷ್ಟು ಎಳೆಯುತ್ತೆ ಅಂತ ಅಲ್ಲ. ಕಂಪನಿಯ ಡೇಟಾಶೀಟ್ ಪಿಡಿಎಫ್ ತೆಗೆದು ಕೆಳಗೆ ಪವರ್ ಅಂತ ಇರೋ ಟೇಬಲ್ ನೋಡು, ಅಲ್ಲಿ ರೀಡ್-ರೈಟ್, ಐಡಲ್, ಸ್ಟ್ಯಾಂಡ್‌ಬೈ ಅಂತ ಬೇರೆ ಬೇರೆ ಸಾಲು ಇರುತ್ತೆ. ಮನೆ ಸರ್ವರ್ ದಿನದಲ್ಲಿ ಬಹಳ ಹೊತ್ತು ಸುಮ್ಮನೇ ಇರುತ್ತೆ, ಸಂಜೆ ಸಿನಿಮಾ, ರಾತ್ರಿ ಫೋಟೋ ಅಪ್‌ಲೋಡ್, ಅಷ್ಟು ಬಿಟ್ರೆ ಇನ್ನೇನೂ ಇಲ್ಲ. ಅದಕ್ಕೇ ನೋಡಬೇಕಾಗಿರೋದು ಐಡಲ್ ಸಾಲು. ಡಬ್ಬದ ಮೇಲಿನ ಹೆಸರು ನಂಬಬೇಡಿ. 2020ರಲ್ಲಿ "5400 ಆರ್‌ಪಿಎಂ ಕ್ಲಾಸ್" ಅಂತ ಮಾರ್ತಿದ್ದ ಕೆಲವು ಡಬ್ಲ್ಯೂಡಿ ಡ್ರೈವ್‌ಗಳು ನಿಜವಾಗಿ 7200ರಲ್ಲಿ ತಿರುಗ್ತಿವೆ ಅಂತ ಬಳಕೆದಾರರು ಸದ್ದಿನ ಫ್ರೀಕ್ವೆನ್ಸಿ ಅಳೆದು ಕಂಡುಹಿಡಿದ್ರು, ಕ್ಲಾಸ್ ಅನ್ನೋದು ಪರ್ಫಾರ್ಮೆನ್ಸ್ ಮಟ್ಟ ಅಂತ ಕಂಪನಿ ಹೇಳ್ತು.

ಅದೇ ವರ್ಷದ ಇನ್ನೊಂದು ಗಲಾಟೆ ಎಸ್‌ಎಂಆರ್. ಮನೆ ಹೆಂಚು ಜೋಡಿಸೋ ಹಾಗೆ ಒಂದರ ಮೇಲೊಂದು ಅಂಚು ಬರೋ ಥರ ಟ್ರ್ಯಾಕ್ ಬರೆಯೋ ವಿಧಾನ ಅದು, ಒಂದನ್ನ ತಿದ್ದಬೇಕು ಅಂದ್ರೆ ಪಕ್ಕದವನ್ನೂ ಮತ್ತೆ ಬರೀಬೇಕು. 2 ರಿಂದ 6 ಟಿಬಿ ರೆಡ್ ನಾಸ್ ಡ್ರೈವ್‌ಗಳಲ್ಲಿ ಇದನ್ನ ಹೇಳದೆ ಹಾಕಿದ್ದು ಹೊರಗೆ ಬಂತು, ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್‌ನಲ್ಲಿ ರೀಬಿಲ್ಡ್ ಮಾಡೋಕೆ, ಅಂದ್ರೆ ಡ್ರೈವ್ ಬದಲಾಯಿಸಿ ಡೇಟಾ ಮತ್ತೆ ತುಂಬಿಸೋಕೆ, ಹೋದವರಿಗೆ ಡ್ರೈವ್ ಕೈಕೊಡ್ತಿತ್ತು. ಆಮೇಲೇ ಸಿಎಂಆರ್, ಅಂದ್ರೆ ಟ್ರ್ಯಾಕ್ ಒಂದರ ಮೇಲೊಂದು ಬರದ, ಡ್ರೈವ್‌ಗಳನ್ನ ರೆಡ್ ಪ್ಲಸ್ ಅಂತ ಬೇರೆ ಮಾಡಿದ್ದು. ಕರೆಂಟ್ ದೃಷ್ಟಿಯಿಂದ ಎಸ್‌ಎಂಆರ್‌ನಲ್ಲಿ ಒಂದು ವಿಷಯ ಗಮನಿಸಿ, ಬರೆದು ಮುಗಿದ ಮೇಲೂ ಅದು ಒಳಗೊಳಗೇ ಡೇಟಾ ಜೋಡಿಸ್ತಾ ತಿರುಗ್ತಾ ಇರುತ್ತೆ. ಒಂದು ಸಲ ಬರೆದು ಓದ್ತಾ ಇರೋ ಸಿನಿಮಾ ಸಂಗ್ರಹಕ್ಕೆ, ಬ್ಯಾಕಪ್‌ಗೆ ಪರವಾಗಿಲ್ಲ. ಹಲವು ಡ್ರೈವ್ ಸೇರಿಸಿ ಒಂದಾಗಿ ನಡೆಸೋ ರೇಡ್‌ಗೆ ಬೇಡವೇ ಬೇಡ. 2.5 ಇಂಚಿನಲ್ಲಿ 2 ಟಿಬಿ ಮೇಲಿನವು ಬಹುತೇಕ ಎಸ್‌ಎಂಆರ್ರೇ, ಅದು ಗೊತ್ತಿಟ್ಕೊಂಡು ತಗೊಳ್ಳಿ, ಮಿನಿ ಪಿಸಿ ಪಕ್ಕದಲ್ಲಿ ಒಂದು ಚಿಕ್ಕ ಸಂಗ್ರಹ ಸಾಕು ಅನ್ನೋರಿಗೆ ಅದು ಚೆನ್ನಾಗೇ ಇದೆ.

ನಿಮ್ಮ ಡೇಟಾ ಎಲ್ಲಾ ಸೇರಿ 2 ಟಿಬಿ ಒಳಗೆ ಇದ್ರೆ ತಿರುಗೋ ಡಿಸ್ಕೇ ಬೇಡ. ಸಾಟಾ ಎಸ್‌ಎಸ್‌ಡಿ, ಅಂದ್ರೆ ತಿರುಗೋ ಭಾಗ ಇಲ್ಲದ ಚಿಪ್ ಡ್ರೈವ್, ಹಾಕಿ, ಸುಮ್ಮನಿದ್ದಾಗ ಅರ್ಧ ವ್ಯಾಟ್ ಕೂಡ ಎಳೆಯಲ್ಲ, ಸದ್ದಿಲ್ಲ. ಅಷ್ಟೇ, ಅದರ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ.

ಈಗ ಮಲಗಿಸೋ ವಿಷಯ. ಇದರ ಬಗ್ಗೆ ಎರಡು ಪಂಗಡ ಇದೆ, ಒಬ್ಬರು ಡ್ರೈವ್ ನಿಲ್ಲಿಸಲೇಬಾರದು ಹಾಳಾಗುತ್ತೆ ಅಂತಾರೆ, ಇನ್ನೊಬ್ಬರು ಐದು ನಿಮಿಷಕ್ಕೇ ನಿಲ್ಲಿಸ್ತಾರೆ. ಲೆಕ್ಕ ಹಾಕೋಣ. 3.5 ಇಂಚಿನ ಡ್ರೈವ್ ಎದ್ದು ವೇಗ ಹಿಡಿಯೋವಾಗ 20 ವ್ಯಾಟ್ ಥರ ಹತ್ತು ಸೆಕೆಂಡ್ ಎಳೆಯುತ್ತೆ, ಅಂದ್ರೆ 200 ಜೂಲ್. ಮಲಗಿದ್ರೆ 3 ವ್ಯಾಟ್ ಉಳಿತಾಯ ಆಗುತ್ತೆ. ಒಂದು ನಿಮಿಷದ ಮೇಲೆ ಸ್ವಲ್ಪ ಮಲಗಿದ್ರೆ ಎದ್ದೇಳೋ ಖರ್ಚು ವಾಪಸ್ ಬಂತು. ಅಂದ್ರೆ ಕರೆಂಟ್ ಲೆಕ್ಕದಲ್ಲಿ ಮಲಗಿಸೋದು ಸುಲಭವಾಗಿ ಲಾಭ, ತೊಂದರೆ ಇರೋದು ಸವೆತದಲ್ಲಿ. ಡೆಸ್ಕ್‌ಟಾಪ್ ಡ್ರೈವ್‌ಗಳಿಗೆ ಸ್ಟಾರ್ಟ್-ಸ್ಟಾಪ್ 50,000 ಸಲ ಅಂತ ಸಾಮಾನ್ಯವಾಗಿ ಕೊಟ್ಟಿರ್ತಾರೆ. ದಿನಕ್ಕೆ ಹತ್ತು ಸಲ ಎದ್ರೆ ವರ್ಷಕ್ಕೆ 3,650, ಹತ್ತು ವರ್ಷಕ್ಕೂ ಭಯ ಇಲ್ಲ. ಆದ್ರೆ ಐದು ನಿಮಿಷಕ್ಕೆ ಮಲಗೋ ಹಾಗೆ ಇಟ್ಟು, ಯಾವುದೋ ಸರ್ವೀಸ್ ಹತ್ತು ನಿಮಿಷಕ್ಕೊಂದು ಸಲ ಎಬ್ಬಿಸ್ತಾ ಇದ್ರೆ ದಿನಕ್ಕೆ 144, ವರ್ಷದಲ್ಲೇ 52,560, ಪೂರ್ತಿ ಆಯುಷ್ಯ ಹನ್ನೆರಡೇ ತಿಂಗಳಲ್ಲಿ ಖಾಲಿ.

ಹಳೇ ಡಬ್ಲ್ಯೂಡಿ ಗ್ರೀನ್ ಇಟ್ಕೊಂಡಿರೋರಿಗೆ ಇದು ಚೆನ್ನಾಗಿ ಗೊತ್ತು. ಅದು ಎಂಟು ಸೆಕೆಂಡ್ ಕೆಲಸ ಇಲ್ಲ ಅಂದ್ರೆ ಹೆಡ್ ಪಾರ್ಕ್ ಮಾಡ್ತಿತ್ತು, ಅಂದ್ರೆ ಓದೋ ಬರೆಯೋ ತಲೆಯನ್ನ ತಟ್ಟೆಯಿಂದ ಪಕ್ಕಕ್ಕೆ ಸರಿಸ್ತಿತ್ತು, ಲಿನಕ್ಸ್ ಅರ್ಧ ನಿಮಿಷಕ್ಕೊಂದು ಸಲ ಏನಾದ್ರೂ ಲಾಗ್ ಬರೀತಿದ್ರೆ ಮತ್ತೆ ಎತ್ತಬೇಕು. ದಿನಕ್ಕೆ 2,880 ಸಲ. 3 ಲಕ್ಷ ಸಲಕ್ಕೆ ರೇಟ್ ಆಗಿರೋ ಡ್ರೈವ್ ಮೂರೂವರೆ ತಿಂಗಳಲ್ಲಿ ಆ ಗಡಿ ಮುಟ್ಟುತ್ತೆ. ಡ್ರೈವ್ ಆರೋಗ್ಯ ತೋರಿಸೋ ಸ್ಮಾರ್ಟ್‌ಸಿಟಿಎಲ್ ಅನ್ನೋ ಟೂಲ್ ಹಾಕಿ 193ನೇ ಸಾಲು, ಲೋಡ್ ಸೈಕಲ್ ಕೌಂಟ್, ಇವತ್ತು ಬರ್ಕೊಳ್ಳಿ, ನಾಳೆ ಮತ್ತೆ ನೋಡಿ. ದಿನಕ್ಕೆ ನೂರರ ಮೇಲೆ ಏರ್ತಿದ್ರೆ ಕಾರಣ ಹುಡುಕಿ, ಹಳೇ ಗ್ರೀನ್‌ಗೆ ಐಡಲ್3-ಸಿಟಿಎಲ್ ಅಂತ ಟೂಲ್ ಇದೆ, ಆ ಎಂಟು ಸೆಕೆಂಡ್ ಟೈಮರ್ ತೆಗೆದುಬಿಡಬಹುದು.

ನಾನು ಹೇಳೋದು ಇಷ್ಟು: ಗದ್ದಲ ಮಾಡೋದನ್ನೆಲ್ಲಾ ಎಸ್‌ಎಸ್‌ಡಿಗೆ ಹಾಕಿ. ಓಎಸ್, ಡಾಕರ್, ಡೇಟಾಬೇಸ್, ಲಾಗ್, ಜೆಲ್ಲಿಫಿನ್‌ನ ಪೋಸ್ಟರ್‌ಗಳು, ಇಮ್ಮಿಚ್‌ನ ಚಿಕ್ಕ ಥಂಬ್‌ನೇಲ್‌ಗಳು ಎಲ್ಲಾ ಅಲ್ಲಿರ್ಲಿ, ದೊಡ್ಡ ಡಿಸ್ಕ್ ಮೇಲೆ ದೊಡ್ಡ ಫೈಲ್ ಮಾತ್ರ. ಡಿಸ್ಕ್ ಮೌಂಟ್ ಮಾಡೋವಾಗ ನೋಎಟೈಮ್ ಕೊಡಿ, ಫೈಲ್ ಓದಿದಾಗೆಲ್ಲಾ ಆ ಸಮಯ ಬರೆಯೋದು ನಿಲ್ಲುತ್ತೆ. ಆಮೇಲೆ ಎಚ್‌ಡಿಪಾರ್ಮ್ ಅನ್ನೋ ಲಿನಕ್ಸ್ ಕಮಾಂಡ್‌ನಲ್ಲಿ ದೊಡ್ಡ ಎಸ್ ಆಪ್ಷನ್‌ಗೆ 242 ಕೊಟ್ರೆ ಒಂದು ಗಂಟೆ ಕೆಲಸ ಇಲ್ಲದಿದ್ರೆ ಮಲಗುತ್ತೆ, 241 ಅಂದ್ರೆ ಅರ್ಧ ಗಂಟೆ. ಮಾತು ಕೇಳದ ಡ್ರೈವ್‌ಗೆ, ಯುಎಸ್‌ಬಿ ಎನ್‌ಕ್ಲೋಶರ್ ಒಳಗಿರೋದಕ್ಕೆ, ಎಚ್‌ಡಿ-ಐಡಲ್ ಅಂತ ಇನ್ನೊಂದು ಪ್ರೋಗ್ರಾಮ್ ಇದೆ. ಸ್ಮಾರ್ಟ್ ಚೆಕ್ ಮಾಡೋ ಮಾನಿಟರಿಂಗ್‌ಗೆ ಸ್ಟ್ಯಾಂಡ್‌ಬೈನಲ್ಲಿದ್ರೆ ಎಬ್ಬಿಸಬೇಡ ಅಂತ ಸೆಟ್ಟಿಂಗ್ ಹಾಕಿ, ಎಷ್ಟೋ ಜನರ ಡ್ರೈವ್ ನಿದ್ದೆ ಕೆಡಿಸ್ತಿರೋದು ಅದೇ. ಯಾರು ಎಬ್ಬಿಸ್ತಿದ್ದಾರೆ ಗೊತ್ತಾಗ್ಲಿಲ್ಲ ಅಂದ್ರೆ ಫಾಟ್ರೇಸ್ ಓಡಿಸಿ, ಯಾವ ಪ್ರೋಗ್ರಾಮ್ ಯಾವ ಫೈಲ್ ಮುಟ್ಟಿತು ಅಂತ ಹೆಸರು ಹಿಡಿದು ತೋರಿಸುತ್ತೆ.

ಆದ್ರೆ ಇದನ್ನೆಲ್ಲಾ ಮಾಡೋ ಮುಂಚೆ ಮಿಕ್ಕ ಡಬ್ಬದ ಕಡೆ ನೋಡಿ. ಹಳೇ ಡೆಸ್ಕ್‌ಟಾಪ್ ಐಡಲ್‌ನಲ್ಲೇ 50 ವ್ಯಾಟ್ ಎಳೀತಿದ್ರೆ ವರ್ಷಕ್ಕೆ 438 ಯೂನಿಟ್, ಅಲ್ಲಿ ಕೂತು ಡ್ರೈವ್‌ನ 2 ವ್ಯಾಟ್‌ಗೆ ತಲೆ ಕೆಡಿಸ್ಕೊಳ್ಳೋದು ಬೇಡ, ಮೊದಲು ಯಂತ್ರ ಬದಲಾಯಿಸಿ. ಇಂಟೆಲ್ ಎನ್100 ಪ್ರೊಸೆಸರ್‌ನ ಮಿನಿ ಪಿಸಿ 10 ವ್ಯಾಟ್ ಒಳಗೆ ನಿಲ್ಲುತ್ತೆ. ಸಪ್ಲೈ ಕೂಡ ನೋಡಿ, 500 ವ್ಯಾಟ್‌ನ ಎಸ್‌ಎಂಪಿಎಸ್ 20 ವ್ಯಾಟ್ ಲೋಡ್‌ನಲ್ಲಿ ಒದ್ದಾಡುತ್ತೆ, ಅದರ ಒಳ್ಳೇ ಎಫಿಷಿಯೆನ್ಸಿ ಇರೋದು ಲೋಡ್ ಜಾಸ್ತಿ ಇದ್ದಾಗ. ಹಾಗಂತ ತೀರಾ ಚಿಕ್ಕ ಅಡಾಪ್ಟರ್ ಹಾಕಿದ್ರೆ ಕರೆಂಟ್ ಬಂದ ಕೂಡಲೇ ನಾಲ್ಕು ಡ್ರೈವ್ ಒಟ್ಟಿಗೆ ಎದ್ದು 80, 100 ವ್ಯಾಟ್ ಕೇಳ್ತವೆ, 60 ವ್ಯಾಟ್ ಅಡಾಪ್ಟರ್ ಕೈ ಎತ್ತುತ್ತೆ. ಕಮ್ಮಿ ಡ್ರೈವ್ ಇಡಿ ಅನ್ನೋದಕ್ಕೆ ಇದೂ ಒಂದು ಕಾರಣ.

ಅಳೆಯೋದು ಹೇಗೆ ಅಂತ ತುಂಬಾ ಜನ ಕೇಳಿದ್ರಿ. ಪ್ಲಗ್ ಮೀಟರ್ ಸಿಗುತ್ತೆ, ಆದ್ರೆ ಅಗ್ಗದ್ದು ಹತ್ತು ವ್ಯಾಟ್ ಕೆಳಗೆ ನಂಬೋಕಾಗಲ್ಲ. ನಿಮ್ಮ ಮನೆ ಹೊರಗೇ ಒಂದು ಒಳ್ಳೇ ಮೀಟರ್ ಇದೆ, ಬೆಸ್ಕಾಂದು. ಅದರ ಮೇಲೆ ಕೆಂಪು ಎಲ್‌ಇಡಿ ಮಿಣುಕ್ತಾ ಇರುತ್ತೆ, ಪಕ್ಕದಲ್ಲಿ ಯೂನಿಟ್‌ಗೆ 3200 ಪಲ್ಸ್ ಅಂತಾನೋ 1600 ಅಂತಾನೋ ಬರೆದಿರುತ್ತೆ. ಫ್ರಿಜ್ ಸೇರಿ ಎಲ್ಲಾ ಆಫ್ ಮಾಡಿ ಸರ್ವರ್ ಒಂದೇ ಬಿಡಿ, ಎರಡು ಮಿಣುಕಿನ ಮಧ್ಯೆ ಎಷ್ಟು ಸೆಕೆಂಡ್ ಅಂತ ಫೋನಲ್ಲಿ ನೋಡಿ. 3200ರ ಮೀಟರ್‌ನಲ್ಲಿ 37 ಸೆಕೆಂಡ್‌ಗೊಂದು ಸಲ ಮಿಣುಕಿದ್ರೆ ಹತ್ತಿರ ಹತ್ತಿರ 30 ವ್ಯಾಟ್, 75 ಸೆಕೆಂಡ್ ಆದ್ರೆ 15. ಡ್ರೈವ್ ಮಲಗಿಸಿ ಒಂದು ಸಲ, ಎಬ್ಬಿಸಿ ಒಂದು ಸಲ, ಐದಾರು ಮಿಣುಕು ಎಣಿಸಿ ಸರಾಸರಿ ತಗೊಳ್ಳಿ. ಒಂದು ಕಾಸು ಖರ್ಚಿಲ್ಲ, ಬಿಲ್ ಬರೋದೂ ಇದೇ ಮೀಟರ್ ಮೇಲೆ.

ಎಸ್‌ಪಿ ರೋಡ್‌ನಲ್ಲಿ ತಗೊಳ್ಳೋದಾದ್ರೆ ಒಂದೆರಡು ಮಾತು. ಸೆಕೆಂಡ್ ಹ್ಯಾಂಡ್ ಎಂಟರ್‌ಪ್ರೈಸ್ ಡ್ರೈವ್ ಅಗ್ಗಕ್ಕೆ ಸಿಗುತ್ತೆ, ಅದರಲ್ಲಿ ಕೆಲವು ಸಾಸ್ ಡ್ರೈವ್, ನಿಮ್ಮ ಸಾಟಾ ಪೋರ್ಟ್‌ಗೆ ಕೂರಲ್ಲ, ಕನೆಕ್ಟರ್ ಮಧ್ಯೆ ಗ್ಯಾಪ್ ಇಲ್ಲದೆ ಒಂದೇ ಪಟ್ಟಿ ಇದ್ರೆ ಅದೇ ಗುರುತು. ಗಂಟೆ ಲೆಕ್ಕ ಸೊನ್ನೆ ಮಾಡಿರೋ ಡ್ರೈವ್‌ಗಳೂ ಇವೆ, ಸೀಗೇಟ್ ಆದ್ರೆ ಹೊಸ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಫಾರ್ಮ್ ಲಾಗ್ (ಡ್ರೈವ್ ಒಳಗೇ ಇಡೋ ಇನ್ನೊಂದು ಲೆಕ್ಕ) ತೆಗೆದು ಎರಡೂ ಗಂಟೆ ತಾಳೆ ನೋಡಿ. ಸಿಸಿಟಿವಿ ಡ್ರೈವ್ ಹಾಕಬಹುದಾ ಅಂತ ಒಬ್ಬರು ಕೇಳಿದ್ರು, ಪರ್ಪಲ್, ಸ್ಕೈಹಾಕ್ ಥರದ್ದು. ಹಾಕಬಹುದು ಸರ್. 24 ಗಂಟೆ ಓಡೋಕೇ ಮಾಡಿರೋದು, ಚಿಕ್ಕ ಸೈಜುಗಳು ನಿಧಾನಕ್ಕೆ ತಿರುಗೋದರಿಂದ ಕರೆಂಟೂ ಕಮ್ಮಿ, ನಮ್ಮಲ್ಲಿ ಎಲ್ಲಾ ಅಂಗಡೀಲೂ ಸಿಗುತ್ತೆ. ಸಿನಿಮಾ, ಬ್ಯಾಕಪ್‌ಗೆ ಆರಾಮಾಗಿ ಬಳಸಿ.

ಇನ್ನು ಬಿಸಿ. 2024ರ ಏಪ್ರಿಲ್ ಕೊನೇಲಿ ಬೆಂಗಳೂರು 38 ಡಿಗ್ರಿ ದಾಟಿತ್ತು, ನೆನಪಿರಬಹುದು. ಸಜ್ಜಾ ಮೇಲೆ, ಬಾಗಿಲು ಮುಚ್ಚಿದ ಟಿವಿ ಯೂನಿಟ್ ಒಳಗೆ ಸರ್ವರ್ ಇಡೋರು ಜಾಸ್ತಿ. ಡ್ರೈವ್‌ಗೆ 60 ಡಿಗ್ರಿವರೆಗೂ ಅಂತ ಬರೆದಿದ್ರೂ 45ರ ಒಳಗೆ ಇಟ್ರೆ ನಿಮಗೂ ನೆಮ್ಮದಿ ಅದಕ್ಕೂ ನೆಮ್ಮದಿ. ಡ್ರೈವ್‌ಗಳೆಲ್ಲಾ ಸೇರಿ 25 ವ್ಯಾಟ್ ಇದ್ರೆ ಫ್ಯಾನ್ ಬೇಕು, ಫ್ಯಾನ್‌ಗೆ ಮತ್ತೆ ಕರೆಂಟ್, ಧೂಳು, ಸದ್ದು. ಒಂದೋ ಎರಡೋ ಡ್ರೈವ್ ಇದ್ದು ಹಿಂದೆ ಮುಂದೆ ನಾಲ್ಕು ಬೆರಳು ಜಾಗ ಬಿಟ್ರೆ ಬಹಳಷ್ಟು ಮನೆಗಳಲ್ಲಿ ಫ್ಯಾನ್ ಬೇಕಾಗಲ್ಲ.

ಕೊನೇ ಪ್ರಶ್ನೆ ಒಬ್ಬ ರಿಟೈರ್ಡ್ ಮೇಷ್ಟ್ರದ್ದು. "ಮಿರರ್ ಇಲ್ಲದೆ ಒಂದೇ ಡ್ರೈವ್ ಇಟ್ರೆ ಮೊಮ್ಮಕ್ಕಳ ಫೋಟೋ ಹೋದ್ರೆ ಏನ್ಮಾಡ್ಲಿ?" ಸರ್, ಮಿರರ್ ಬ್ಯಾಕಪ್ ಅಲ್ಲ, ಒಂದರಲ್ಲಿ ಡಿಲೀಟ್ ಆದ್ರೆ ಇನ್ನೊಂದರಲ್ಲೂ ಅದೇ ಕ್ಷಣಕ್ಕೆ ಡಿಲೀಟ್. ಅದೇ ಎರಡನೇ ಡ್ರೈವ್‌ನ ಸರ್ವರ್‌ನಿಂದ ತೆಗೆದು ಬೀರುವಲ್ಲಿಡಿ, ವಾರಕ್ಕೊಂದು ಸಲ ಹಾಕಿ ಕಾಪಿ ಮಾಡಿ ತೆಗೆಯಿರಿ, ಸಾಧ್ಯ ಆದ್ರೆ ಇನ್ನೊಂದು ಕಾಪಿ ಮಗಳ ಮನೇಲಿ. ಬೀರುವಲ್ಲಿರೋ ಡ್ರೈವ್ ಕರೆಂಟ್ ಎಳೆಯಲ್ಲ, ಸಿಡಿಲಿಗೂ ಸಿಗಲ್ಲ.